ಕೀ ಚೈನಿಗೆ ಒಂದು, ಕುಂಕುಮ ಭರಣಿಗೆ ಇನ್ನೊಂದು

ಹೋದ ಸಂಚಿಕೆಯ ಕೊನೆಗೆ ‘ಮುಂದಿನ ಸಲ ಪಾಲಿಶ್ ವಿಚಾರ ಮಾತಾಡೋಣ’ ಅಂತ ಬರೆದಿದ್ದೆ. ಅದಕ್ಕೇ ಇಷ್ಟು ಕಾಗದ ಬರುತ್ತೆ ಅಂದುಕೊಂಡಿರಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ: ‘ಎಲ್ಲಕ್ಕಿಂತ ಒಳ್ಳೆಯ ಕ್ಲಿಯರ್ ಫಿನಿಶ್ ಯಾವುದು?’ ಅಂದರೆ, ಮರದ ಬಣ್ಣ ಮುಚ್ಚದೆ ಮೇಲೆ ಬಳಿಯುವ ಪಾರದರ್ಶಕ ಲೇಪ. ತೀರ್ಥಹಳ್ಳಿಯ ಈ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಚಿಕ್ಕಪುಟ್ಟ ಮರದ ಸಾಮಾನು ಮಾಡಿಕೊಂಡಿದ್ದೇನೆ. ನನ್ನ ಕಪಾಟಿನಲ್ಲಿ ಈಗಲೂ ಆರು ಡಬ್ಬಿ ಇವೆ. ಒಂದೇ ಸಾಕಾಗಿದ್ದರೆ ಉಳಿದ ಐದಕ್ಕೆ ದುಡ್ಡು ಹಾಕುತ್ತಿದ್ದೆನಾ?

ಪ್ರಶ್ನೆ: ನಮಸ್ಕಾರ. ಪೀಠೋಪಕರಣದ ಅಂಗಡಿಯಿಂದ ಉಳಿಕೆ ತೇಗದ ತುಂಡು ತಂದು ಕೀ ಚೈನು, ಕುಂಕುಮ ಭರಣಿ, ಚಿಕ್ಕ ಡಬ್ಬಿ ಮಾಡ್ತೀನಿ. ಮೇಳಗಳಲ್ಲಿ ಮಾರ್ತೀನಿ. ಹಾರ್ಡ್‌ವೇರ್ ಅಂಗಡಿಯವರು ವಾರ್ನಿಷ್, ಲ್ಯಾಕರ್, ಪಿಯು (ಪಾಲಿಯುರೆಥೇನ್) ಅಂತ ಮೂರು ಡಬ್ಬಿ ಮುಂದಿಟ್ಟು ‘ಮೂರೂ ಚೆನ್ನಾಗಿ ಹೊಳೆಯುತ್ತೆ’ ಅಂದ್ರು. ಯಾವುದು ತಗೊಳ್ಳಲಿ?
(ಗೃಹಿಣಿ, ತುಮಕೂರು)

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಮೂರೂ ಹೊಳೆಯುತ್ತವೆ. ಆದರೆ ಹೊಳಪು ಮೊದಲ ದಿನದ ಮಾತು. ಆರು ತಿಂಗಳಾದ ಮೇಲೆ ಆ ವಸ್ತು ಎಲ್ಲಿರುತ್ತೆ, ಅದನ್ನ ಯಾರು ಮುಟ್ಟುತ್ತಾರೆ ಅಂತ ಯೋಚಿಸಿ. ನಿಮ್ಮ ಕೀ ಚೈನು ಪ್ಯಾಂಟಿನ ಜೇಬಿನಲ್ಲಿ ಬೆವರು ಕುಡಿದುಕೊಂಡು, ಚಿಲ್ಲರೆ ಕಾಸಿಗೆ ಉಜ್ಜಿಕೊಂಡು ಬದುಕುತ್ತೆ. ಕುಂಕುಮ ಭರಣಿ ದೇವರ ಮನೆಯಲ್ಲಿ ಆರಾಮಾಗಿ ಕೂತಿರುತ್ತೆ. ಎರಡಕ್ಕೂ ಒಂದೇ ಬಟ್ಟೆ ಹೊಲಿಸೋದು ಸರಿಯಲ್ಲ, ಅಲ್ವಾ?

ಕೀ ಚೈನಿಗೆ ಒಂದೇ ಡಬ್ಬಿಯಲ್ಲಿ ಬರುವ, ಎಣ್ಣೆ ಆಧಾರದ ಪಿಯು ತಗೊಳ್ಳಿ. ಎರಡು ಡಬ್ಬಿ ಕಲಸುವ ಪಿಯು ಇನ್ನೂ ಗಟ್ಟಿ ಇರುತ್ತೆ. ಆದರೆ ಅದರ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನೋದು ಇರುತ್ತೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಡುಗೆಮನೆ ಪಕ್ಕದಲ್ಲಿ ಕೂತು ಅದರ ಕೆಲಸ ಮಾಡಬೇಡಿ. ಒಂದು ಡಬ್ಬಿಯದಕ್ಕೆ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಬ್ರಷ್ ಬಿಟ್ಟು ಹತ್ತಿ ಬಟ್ಟೆಯಲ್ಲಿ ಒರೆಸಿ. ದಿನಕ್ಕೊಂದು ಸಲದಂತೆ ನಾಲ್ಕು ಸಲ. ತೆಳ್ಳಗಿರುವುದರಿಂದ ಅಂಚಿನಲ್ಲಿ ಹನಿಗಟ್ಟಲ್ಲ, ಬ್ರಷ್ಷಿನ ಗೀರೂ ಬೀಳಲ್ಲ. ತೇಗದಲ್ಲಿ ಹುಟ್ಟಾ ಎಣ್ಣೆ ಅಂಶ ಜಾಸ್ತಿ. ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿದರೆ ಪಿಯು ಚೆನ್ನಾಗಿ ಹಿಡಿಯುತ್ತೆ.

ಭರಣಿಗೆ ನನ್ನ ಓಟು ಅರಗಿಗೆ. ಅಂದರೆ ಶೆಲ್ಯಾಕ್. ನಮ್ಮ ಬಡಗಿಗಳು ‘ಸ್ಪಿರಿಟ್ ಪಾಲಿಶ್’ ಅಂತ ಕರೆಯೋದು ಇದನ್ನೇ. ಮುತ್ತುಗದಂಥ ಮರದ ಕೊಂಬೆಯ ಮೇಲೆ ಚಿಕ್ಕ ಹುಳ ಸುರಿಸುವ ಅಂಟು ಇದು. ನಮ್ಮ ದೇಶದಲ್ಲಿ ಜಾರ್ಖಂಡ್, ಛತ್ತೀಸಗಢದ ಕಡೆ ಜಾಸ್ತಿ ಬೆಳೆಯುತ್ತಾರೆ. ಅಂಗಡಿಯಲ್ಲಿ ಒಣಗಿದ ಎಲೆ ಚೂರಿನ ಹಾಗೆ, ಜೇನಿನ ಬಣ್ಣದ ಚಕ್ಕೆಯಾಗಿ ಸಿಗುತ್ತೆ. ನಾನು ಇದಕ್ಕೆ ಸ್ವಲ್ಪ ಪಕ್ಷಪಾತಿ, ಒಪ್ಪಿಕೊಳ್ಳುತ್ತೇನೆ. ಕಾರಣ ಸರಳ. ಗೀರು ಬಿದ್ದರೆ ಮೇಲಿನಿಂದ ಒಂದು ಕೈ ಸವರಿದರೆ ಸಾಕು, ಹೊಸದು ಹಳೆಯದರೊಳಗೆ ಕರಗಿ ಒಂದಾಗುತ್ತೆ. ಪಿಯು ಎದ್ದರೆ ಪೂರ್ತಿ ಕೆರೆದು ಮೊದಲಿನಿಂದ ಮಾಡಬೇಕು.

ಮಾಡೋ ರೀತಿ ಹೇಳ್ತೀನಿ. ಗಾಜಿನ ಬಾಟಲಿಗೆ 100 ಮಿಲಿಲೀಟರ್ ಸ್ಪಿರಿಟ್ (ಪಾಲಿಶಿಗೆ ಬಳಸುವ ಆಲ್ಕೋಹಾಲ್), 20 ಗ್ರಾಂ ಚಕ್ಕೆ ಹಾಕಿ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತೆ. ಒಂದು ರಾತ್ರಿ ಬಿಡಿ, ಆಗಾಗ ಅಲ್ಲಾಡಿಸಿ. ಬೆಳಗ್ಗೆ ಹಳೇ ಪಂಚೆಯ ತುಂಡಿನಲ್ಲಿ ಸೋಸಿ. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತೆ, ಒಲೆ ಹತ್ತಿರ ಈ ಕೆಲಸ ಬೇಡ.

ಈಗ ನಿಂಬೆಹಣ್ಣಿನ ಗಾತ್ರ ಹತ್ತಿ ಉಂಡೆ ಮಾಡಿ, ಅದೇ ಪಂಚೆಯ ಇನ್ನೊಂದು ತುಂಡಿನಲ್ಲಿ ಬಿಗಿಯಾಗಿ ಕಟ್ಟಿ. ಉಂಡೆಗೆ ಅರಗು ಕುಡಿಸಿ, ಅಂಗೈಗೆ ಒತ್ತಿ ನೋಡಿ. ತೇವ ಕಾಣಬೇಕು, ಹನಿ ಬೀಳಬಾರದು. ದೋಸೆ ಕಾವಲಿಗೆ ಈರುಳ್ಳಿ ಹೋಳಿನಿಂದ ಎಣ್ಣೆ ಸವರ್ತೀರಲ್ಲ, ಅದೇ ಕೈ. ಎಲ್ಲೂ ನಿಲ್ಲಿಸಬೇಡಿ. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಹೋದರೆ ಕೆಳಗಿನ ಪದರ ಕರಗಿ ಎದ್ದು ಬರುತ್ತೆ. ಆ ಜಾಗ ಬೆಕ್ಕಿನ ನಾಲಿಗೆಯ ಹಾಗೆ ತರಿತರಿ ಆಗುತ್ತೆ. ಹಾಗಾದರೆ ಗಾಬರಿಯಾಗಿ ಉಜ್ಜಲು ಹೋಗಬೇಡಿ. ಅದನ್ನ ಅಲ್ಲೇ ಬಿಟ್ಟು ಕಾಫಿ ಕುಡಿದು ಬನ್ನಿ.

ಮೊದಲ ಕೈ ಆಗಿ ಒಂದು ಗಂಟೆಗೆ ಮರದ ನಾರು ಎದ್ದು ಒರಟಾಗಿರುತ್ತೆ. 320ರ ಸ್ಯಾಂಡ್ ಪೇಪರಿನಲ್ಲಿ ಹಗುರಕ್ಕೆ ಎರಡು ಸಲ ಎಳೆಯಿರಿ. ಆಮೇಲೆ ನಾಲ್ಕೈದು ತೆಳು ಕೈ. ಕೊನೆಗೆ ಚೂರು ಜೇನುಮೇಣ ಹಾಕಿ ಉಜ್ಜಿದರೆ ಆ ಹೊಳಪು ಕಣ್ಣಿಗೆ ಹೊಡೆಯಲ್ಲ, ಒಳಗಿನಿಂದ ಬಂದ ಹಾಗಿರುತ್ತೆ.

ಅರಗಿನ ದೋಷವೂ ಕೇಳಿ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತೆ. ಸ್ಯಾನಿಟೈಸರ್, ಸೆಂಟು ತಾಗಿದರೆ ಕರಗುತ್ತೆ, ಯಾಕೆಂದರೆ ಅದರಲ್ಲಿರೋದೂ ಆಲ್ಕೋಹಾಲೇ. ಕೀ ಚೈನಿಗೆ ಅರಗು ಬಿಟ್ಟು ಪಿಯು ಹೇಳಿದ್ದು ಇದಕ್ಕೇ.

ಇನ್ನೊಂದು ಮಾತು. ಭರಣಿಯ, ಮರದ ಡಬ್ಬಿಯ ಒಳಭಾಗಕ್ಕೆ ವಾರ್ನಿಷ್, ಪಿಯು, ಅಗಸೆ ಎಣ್ಣೆ ಯಾವುದೂ ಬೇಡ. ಮುಚ್ಚಳ ಮುಚ್ಚಿದ ಮೇಲೆ ಗಾಳಿ ಆಡಲ್ಲ, ವಾಸನೆ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತೆ. ಕುಂಕುಮ ಹಣೆಗಿಟ್ಟವರಿಗೆ ಪೇಂಟ್ ಅಂಗಡಿ ನೆನಪಾಗಬಾರದು. ಒಳಗೆ ಅರಗು ಮಾತ್ರ. ಒಂದೆರಡು ದಿನಕ್ಕೆ ವಾಸನೆ ಹೋಗಿರುತ್ತೆ.

ಪ್ರಶ್ನೆ: ಅಣ್ಣಾ, ಗಣಪತಿ ಹಬ್ಬಕ್ಕೆ ಮಾರೋಣ ಅಂತ ಜುಲೈನಲ್ಲಿ ಮೂವತ್ತು ಫೋಟೋ ಫ್ರೇಮ್ ಮಾಡಿ ಲ್ಯಾಕರ್ ಸ್ಪ್ರೇ ಹೊಡೆದೆ. ಐದೇ ನಿಮಿಷಕ್ಕೆ ಎಲ್ಲಾ ಬೆಳ್ಳಗಾಯ್ತು. ಲ್ಯಾಕರ್ ಕಲಬೆರಕೆ ಇರಬಹುದಾ?
(ಯುವ ಕುಶಲಕರ್ಮಿ, ಹೊಸನಗರ)

ಉತ್ತರ: ಡಬ್ಬಿಯನ್ನ ಬೈಯಬೇಡಿ. ಮಳೆಯನ್ನ ಬೈಯಿರಿ. ನಿಮ್ಮೂರು, ನಮ್ಮೂರು ಎರಡೂ ಒಂದೇ ಕಥೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ. ಆಷಾಢದಲ್ಲಿ ಇಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತೆ, ಲ್ಯಾಕರ್ ಯಾವ ಲೆಕ್ಕ?

ಆಗೋದು ಇಷ್ಟು. ಲ್ಯಾಕರಿನ ಥಿನ್ನರ್ ತುಂಬಾ ಬೇಗ ಆರುತ್ತೆ. ಆರುವಾಗ ಮರದ ಮೇಲ್ಮೈಯ ಬಿಸಿಯನ್ನ ಕಿತ್ತುಕೊಂಡು ಹೋಗುತ್ತೆ. ಕೈಗೆ ಸ್ಪಿರಿಟ್ ಹಾಕಿಕೊಂಡರೆ ತಣ್ಣಗಾಗಲ್ವಾ, ಹಾಗೆ. ತಣ್ಣೀರು ತುಂಬಿದ ಸ್ಟೀಲ್ ಲೋಟ ಹೊರಗೆ ಬೆವರುವಂತೆ, ಆ ತಂಪು ಮೈ ಮೇಲೆ ಗಾಳಿಯ ನೀರು ಕೂರುತ್ತೆ. ಲ್ಯಾಕರ್ ಅದನ್ನ ಒಳಗೇ ಹಿಡಿದುಕೊಂಡು ಒಣಗುತ್ತೆ. ನಿಮಗೆ ಕಾಣುವ ಬಿಳುಪು ಅದೇ.

ನನ್ನದೂ ಒಂದು ಪಾಡು ಕೇಳಿ. ಹದಿನೈದು ವರ್ಷದ ಹಿಂದೆ ಶ್ರಾವಣದ ಮದುವೆಯೊಂದಕ್ಕೆ ತಾಂಬೂಲದ ಜೊತೆ ಕೊಡಲು 60 ಕುಂಕುಮ ಭರಣಿ ಒಪ್ಪಿಕೊಂಡಿದ್ದೆ. ಕಡೆದು ಮುಗಿಸಿದ್ದು ಆಷಾಢದ ಮಧ್ಯೆ. ಬೇಗ ಆಗಲಿ ಅಂತ ಲ್ಯಾಕರ್ ಹೊಡೆದೆ. ಅರವತ್ತಕ್ಕೆ ಅರವತ್ತೂ ಮೊಸರು ಸವರಿದ ಹಾಗಾದವು. ಹಳೇ ಬೀರುವಿನಲ್ಲಿ ಎರಡು 100 ವ್ಯಾಟ್ ಬಲ್ಬ್ ಹಾಕಿ ಒಂದು ರಾತ್ರಿ ಅದರೊಳಗೆ ಇಟ್ಟೆ. ಏನೂ ಪ್ರಯೋಜನ ಆಗಲಿಲ್ಲ, ಒಣಗಿದ ಮೇಲೆ ಕಾಯಿಸಿದರೆ ನೀರು ಹೊರಗೆ ಬರುವುದು ಕಷ್ಟ. ಆಮೇಲೆ ಒಂದು ದಿನ ಬಿಸಿಲು ಬಂತು. ನಿಧಾನಕ್ಕೆ ಆರುವ ಥಿನ್ನರ್ ತಂದು ಹಗುರಕ್ಕೆ ಸ್ಪ್ರೇ ಮಾಡಿದೆ. ಮೇಲ್ಪದರ ಮತ್ತೆ ಕರಗಿ, ಈ ಸಲ ನೀರು ಬಿಟ್ಟುಕೊಟ್ಟು ಒಣಗಿತು. 52 ತಿಳಿಯಾದವು. ಉಳಿದ ಎಂಟನ್ನು ಕೆರೆದು ಅರಗು ಹಾಕಿದೆ. ಮದುಮಗಳ ಅಮ್ಮ ಆ ಎಂಟನ್ನೇ ಆರಿಸಿ ಮನೆಗೆ ಇಟ್ಟುಕೊಂಡರು!

ನಿಮ್ಮ ಫ್ರೇಮುಗಳಿಗೂ ಅದೇ ಔಷಧಿ. ನಿಧಾನಕ್ಕೆ ಆರುವ ಆ ಥಿನ್ನರಿಗೆ ಅಂಗಡಿಯಲ್ಲಿ ‘ರಿಟಾರ್ಡರ್’ ಅಂತ ಕೇಳಿ. ಮಳೆ ಬಿಟ್ಟು ಹೊಳವಾದ ದಿನ, ಮಧ್ಯಾಹ್ನದ ಹೊತ್ತು ಮಾಡಿ. ಗಾಳಿಯ ತೇವ ತೋರಿಸುವ ಪುಟ್ಟ ಮೀಟರ್ ಸಿಗುತ್ತೆ, ಒಂದು ತಗೊಂಡು ಗೋಡೆಗೆ ಹಾಕಿ. ಅದು ಶೇಕಡಾ 70ರ ಮೇಲೆ ಇದ್ದರೆ ನಾನು ಸ್ಪ್ರೇ ಗನ್ ಮುಟ್ಟಲ್ಲ. ಅರಗು ಕೂಡ ಅತಿ ತೇವದಲ್ಲಿ ಮಬ್ಬಾಗುತ್ತೆ. ಆದರೆ ಸ್ಪಿರಿಟ್ ಸೋಕಿಸಿದ ಉಂಡೆಯಲ್ಲಿ ಒಮ್ಮೆ ಸವರಿದರೆ ಸಾಮಾನ್ಯವಾಗಿ ಸರಿಹೋಗುತ್ತೆ.

ಮರ ಒಣಗಿದೆಯಾ ಅಂತಲೂ ನೋಡಿಕೊಳ್ಳಿ. ನಮ್ಮ ಅಜ್ಜನ ಕಾಲದಲ್ಲಿ ಕಡೆಯುವ ಮರದ ತುಂಡನ್ನು ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಇಡ್ತಿದ್ದರು, ಅಡಿಕೆ ಚೀಲದ ಪಕ್ಕ. ಈಗ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ನಾನು ಫ್ರಿಜ್ಜಿನ ಹಿಂದೆ ಇಡ್ತೀನಿ, ಅಲ್ಲಿ ಸದಾ ಬೆಚ್ಚಗಿರುತ್ತೆ. ಹೆಂಡತಿ ಬೈದುಕೊಂಡೇ ಸುಮ್ನಿದ್ದಾಳೆ.

ಪ್ರಶ್ನೆ: ಮರದ ಸೌಟು, ಚಟ್ನಿ ಚಮಚ ಕೆತ್ತುತ್ತೇನೆ. ನಮ್ಮಮ್ಮ ‘ಕೊಬ್ಬರಿ ಎಣ್ಣೆ ಹಚ್ಚು ಸಾಕು’ ಅಂತಾರೆ. ಯೂಟ್ಯೂಬಿನಲ್ಲಿ ವಾರ್ನಿಷ್ ಹಾಕ್ತಾರೆ. ಯಾರ ಮಾತು ಕೇಳಲಿ?
(ಕಾಲೇಜು ವಿದ್ಯಾರ್ಥಿ, ಹಾಸನ)

ಉತ್ತರ: ಅಮ್ಮನ ಮಾತು ಅರ್ಧ ಕೇಳಿ, ಯೂಟ್ಯೂಬನ್ನ ಬಿಡಿ. ಕುದಿಯುವ ಸಾರಿನಲ್ಲಿ ಮುಳುಗಿ ಏಳುವ ಸೌಟಿನ ಮೇಲೆ ವಾರ್ನಿಷ್ ಬಹಳ ದಿನ ಬಾಳಲ್ಲ. ಒಂದಿನ ಸಿಪ್ಪೆಯ ಹಾಗೆ ಎದ್ದು ಸಾರಿಗೇ ಬೀಳುತ್ತೆ. ಮುದ್ದೆ ಕೋಲಿಗೆ, ಕಡೆಗೋಲಿಗೆ, ಲಟ್ಟಣಿಗೆಗೆ ನಮ್ಮ ಮನೆಗಳಲ್ಲಿ ಯಾರಾದರೂ ಪಾಲಿಶ್ ಹಾಕಿದ್ದು ನೋಡಿದ್ದೀರಾ? ಬಳಸಿ ಬಳಸಿಯೇ ನುಣುಪಾಗಿರುತ್ತವೆ.

ಕೊಬ್ಬರಿ ಎಣ್ಣೆಯ ಕಥೆ ಏನೆಂದರೆ, ಅದು ಒಣಗುವ ಜಾತಿಯದಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಸೇರಿ ಗಟ್ಟಿ ಪೊರೆಯಾಗುತ್ತೆ. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ ಎಷ್ಟು ದಿನ ಬಿಟ್ಟರೂ ಎಣ್ಣೆಯೇ. ಮನೆ ಸೌಟಿಗೆ ಆಗಾಗ ಸವರಿಕೊಳ್ಳೋದರಲ್ಲಿ ತಪ್ಪಿಲ್ಲ. ಮಾರೋದಕ್ಕಾದರೆ ಸರಿಯಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟರೆ ಕಾಗದವೆಲ್ಲಾ ಜಿಡ್ಡು.

ನಾನು ಮಾಡೋದು ಹೀಗೆ. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ ಲಿಕ್ವಿಡ್ ಪ್ಯಾರಾಫಿನ್ 100 ಮಿಲಿಲೀಟರ್, ಜೇನುಮೇಣ 25 ಗ್ರಾಂ. ಪ್ಯಾರಾಫಿನ್ ಒಂದನ್ನೇ ಕೇಳಿ, ಬೇರೆ ಔಷಧಿ ಬೆರೆಸಿದ ಸಿರಪ್ ಬೇಡ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಎರಡನ್ನೂ ಕರಗಿಸಿ ಆರಲು ಬಿಡಿ. ತುಪ್ಪದ ಹಾಗೆ ಹೆಪ್ಪುಗಟ್ಟುತ್ತೆ. ಸೌಟಿಗೆ ಬಳಿದು, ರಾತ್ರಿ ಬಿಟ್ಟು, ಬೆಳಗ್ಗೆ ಒಣಬಟ್ಟೆಯಲ್ಲಿ ಒರೆಸಿ. ಗಿರಾಕಿಗೆ ‘ತಿಂಗಳಿಗೊಮ್ಮೆ ಹಚ್ಚಿಕೊಳ್ಳಿ’ ಅಂತ ಚಿಕ್ಕ ಡಬ್ಬಿಯಲ್ಲಿ ಅದನ್ನೇ ಕೊಡಿ, ಖುಷಿಪಡ್ತಾರೆ.

ಪ್ರಶ್ನೆ: ಬೀಟೆ ಮರದ ಓಲೆ, ಪೆಂಡೆಂಟ್ ಮಾಡಿ ಅಗಸೆ ಎಣ್ಣೆ ಹಚ್ಚಿ ಹನ್ನೆರಡು ದಿನ ಆಯ್ತು. ಇನ್ನೂ ಕೈಗೆ ಅಂಟುತ್ತೆ. ಬಿಸಿಲಿಗಿಟ್ಟರೂ ಅಷ್ಟೇ.
(ಓದುಗರು, ಮಡಿಕೇರಿ)

ಉತ್ತರ: ಇನ್ನೂ ಹನ್ನೆರಡು ದಿನ ಬಿಟ್ಟರೂ ಖಾತ್ರಿ ಇಲ್ಲ. ಬೀಟೆಯೊಳಗಿನ ಸಹಜ ರಸಗಳು ಎಣ್ಣೆ ಒಣಗುವುದನ್ನ ತಡೆಯುತ್ತವೆ. ಹಸಿ ಅಗಸೆ ಎಣ್ಣೆ ಬೇರೆ ಮರದ ಮೇಲೂ ವಾರಗಟ್ಟಲೆ ತಗೊಳ್ಳುತ್ತೆ, ಬೀಟೆಯ ಮೇಲೆ ಕೇಳಲೇಬೇಡಿ. ಟರ್ಪೆಂಟೈನ್ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಿರಿ. ಎರಡು ದಿನ ಬಿಟ್ಟು ಎರಡು ಕೈ ಅರಗು, ಮೇಲೆ ಮೇಣ. ಸೆಂಟು ಮಾತ್ರ ತಾಗದಿರಲಿ. ಬೀಟೆಯ ಕಪ್ಪು ಗೆರೆಗಳು ಅರಗಿನ ಕೆಳಗೆ ಏಳುವಷ್ಟು ಚಂದ ಬೇರೆ ಯಾವುದರ ಕೆಳಗೂ ಏಳಲ್ಲ. ಹಾಗೇ ತುಂಡು ಕೊಂಡಿದ್ದರ ಬಿಲ್ ಜೋಪಾನ. ಬೀಟೆ ಅಂದರೆ ಅರಣ್ಯದವರು ಕೇಳೇ ಕೇಳ್ತಾರೆ.

ಅದಕ್ಕಿಂತ ಮುಖ್ಯವಾದದ್ದು: ಎಣ್ಣೆ ಒರೆಸಿದ ಬಟ್ಟೆಗಳನ್ನ ಎಲ್ಲಿ ಹಾಕಿದ್ದೀರಿ? ಮುದ್ದೆ ಮಾಡಿ ಮೂಲೆಗೆ ಎಸೆದಿದ್ದರೆ ಈ ಪತ್ರಿಕೆ ಕೆಳಗಿಟ್ಟು ಈಗಲೇ ಹೋಗಿ ನೋಡಿ. ತಮಾಷೆ ಅಲ್ಲ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ. ಹರಡಿದ ಬಟ್ಟೆಯಿಂದ ಬಿಸಿ ಗಾಳಿಗೆ ಹೋಗುತ್ತೆ, ಮುದ್ದೆಯೊಳಗೆ ಕೂಡಿಕೊಳ್ಳುತ್ತೆ. ಕಡ್ಡಿ ಗೀರದೆಯೇ ಬೆಂಕಿ ಏಳುತ್ತೆ. ನಾನು ಒಮ್ಮೆ ಎಣ್ಣೆ ಬನಿಯನ್ನು ಮುದುಡಿ ಹೊಟ್ಟಿನ ಬುಟ್ಟಿಗೆ ಎಸೆದು ಊಟಕ್ಕೆ ಹೋಗಿದ್ದೆ. ನಾಲ್ಕು ಗಂಟೆ ಹೊತ್ತಿಗೆ ಶೆಡ್ಡಿನಲ್ಲಿ ಹಪ್ಪಳ ಸೀದ ಹಾಗೆ ವಾಸನೆ. ಬನಿಯನ್ ಎತ್ತಿದರೆ ಕೈ ಸುಟ್ಟಿತು. ಬಿಡಿಸಿದರೆ ನಡುವೆ ಅಂಗೈ ಅಗಲ ಕಪ್ಪಾಗಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಶೆಡ್ಡು ಉಳಿಯುತ್ತಿರಲಿಲ್ಲ. ಆವತ್ತಿನಿಂದ ಎಣ್ಣೆ ಬಟ್ಟೆ ಹೊರಗಿನ ತಂತಿಯ ಮೇಲೆ ಒಂದೊಂದಾಗಿ ಹರಡುತ್ತೇನೆ. ಮಳೆಗಾಲದಲ್ಲಿ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇನೆ.

ಪ್ರಶ್ನೆ: ಹಲಸಿನ ಮರದ ಪುಟ್ಟ ಆನೆ ಮಾಡಿದ್ದೆ. ಅರಿಶಿನದಂಥ ಬಣ್ಣ ಹಾಗೇ ಇರಲಿ ಅಂತ ಎರಡು ಕೈ ವಾರ್ನಿಷ್ ಹಾಕಿದೆ. ಈಗ ಕಂದಾಗುತ್ತಿದೆ. ಬಣ್ಣ ನಿಲ್ಲಿಸೋ ಫಿನಿಶ್ ಇದೆಯಾ?
(ನಿವೃತ್ತ ಶಿಕ್ಷಕರು, ಪುತ್ತೂರು)

ಉತ್ತರ: ಇಲ್ಲ ಮೇಷ್ಟ್ರೇ. ಬೆಳಕಿಗೆ ಹಲಸು ಕಂದಾಗೋದು ಅದರ ಗುಣ, ಯಾವ ಡಬ್ಬಿಯೂ ಪೂರ್ತಿ ತಡೆಯಲ್ಲ. ಎಣ್ಣೆ ವಾರ್ನಿಷ್ ತಾನೂ ಹಳದಿಯಾಗಿ ಇನ್ನೂ ಬೇಗ ಗಾಢ ಕಾಣುತ್ತೆ. ನೀರು ಆಧಾರದ ಪಿಯು ಡಬ್ಬಿಯಲ್ಲಿ ಹಾಲಿನ ಹಾಗಿದ್ದರೂ ಒಣಗಿದ ಮೇಲೆ ತಿಳಿ, ಅದು ತಾನಾಗಿ ಹಳದಿ ಸೇರಿಸಲ್ಲ. ಬಿಸಿಲು ಬೀಳದ ಕಡೆ ಇಟ್ಟರೆ ಸ್ವಲ್ಪ ಜಾಸ್ತಿ ದಿನ ಸಿಗುತ್ತೆ. ನನ್ನ ಕೇಳಿದರೆ, ವೀಣೆಯ ಕೊಡದ ಆ ಹಳೇ ಕಂದು ಬಣ್ಣವೂ ಹಲಸಿನದೇ ತಾನೇ? ನಿಮ್ಮ ಆನೆಯೂ ಹಾಗೇ ದೊಡ್ಡದಾಗಲಿ ಬಿಡಿ.

ಪ್ರಶ್ನೆ: ತಾತನ ಕಾಲದ ಗಂಧದ ಗಣಪ ಮಂಕಾಗಿದೆ. ವಾರ್ನಿಷ್ ಹಾಕಲಾ?
(ಓದುಗರು, ಸೊರಬ)

ಉತ್ತರ: ದಯವಿಟ್ಟು ಬೇಡ. ಮೇಲೆ ಪೊರೆ ಕೂತರೆ ಪರಿಮಳ ಸತ್ತ ಹಾಗೇ. ಒಣ ಬ್ರಷ್ಷಿನಿಂದ ಸಂದಿಯ ಧೂಳು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಅಷ್ಟೇ. ಗಂಧ ಕೆತ್ತುವ ಗುಡಿಗಾರರು ಇರುವ ಊರಿನಲ್ಲಿದ್ದೀರಿ, ಜಾಸ್ತಿ ಅನುಮಾನವಿದ್ದರೆ ಅವರ ಕೈಗೆ ಕೊಟ್ಟು ಕೇಳಿ.

ಪ್ರಶ್ನೆ: ಮಾಮ, ತಂಗಿಗೆ ಮಗು ಆಗಿದೆ. ನಾನೇ ಗಿಲಕಿ ಮಾಡ್ತಿದ್ದೀನಿ. ಮಗು ಬಾಯಿಗೆ ಹಾಕೇ ಹಾಕುತ್ತೆ. ಚನ್ನಪಟ್ಟಣದ ಗೊಂಬೆಯಂಥ ಹೊಳಪು ಮನೆಯಲ್ಲಿ ಬರುತ್ತಾ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಅದೇ ಹೊಳಪು ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇಲ್ಲದೆ ಬರಲ್ಲ. ಚನ್ನಪಟ್ಟಣಕ್ಕೆ ಒಂದು ಭಾನುವಾರ ಹೋಗಿ ನೋಡಿ ಬನ್ನಿ, ನಿಮಗೆ 60 ಕಿಲೋಮೀಟರ್. ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನ ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತೆ, ಮೊದಲು ಗೀರುಗೀರಾಗಿ, ಪಟ್ಟೆಯಾಗಿ. ಆಮೇಲೆ ತಾಳೆ ಗರಿ ಮಡಚಿ ಒತ್ತಿ ಹಿಡಿಯುತ್ತಾರೆ. ಆ ಪಟ್ಟೆಗಳೆಲ್ಲಾ ಒಂದಾಗಿ, ನೋಡನೋಡುತ್ತಾ ಕನ್ನಡಿ. ಸ್ಪಿರಿಟ್ ಇಲ್ಲ, ಥಿನ್ನರ್ ಇಲ್ಲ, ಒಣಗಲಿ ಅಂತ ಕಾಯೋದೂ ಇಲ್ಲ. ನಾನು ಎಷ್ಟು ಸಲ ನೋಡಿದರೂ ಆ ಗರಿ ಒತ್ತುವ ಕ್ಷಣಕ್ಕೆ ಕಣ್ಣು ಮಿಟುಕಿಸಲ್ಲ.

ಮನೆಯಲ್ಲಿ ನೀವು ಮೇಲೆ ಹೇಳಿದ ಅರಗಿನ ಪಾಲಿಶ್ ಮೂರು ತೆಳು ಕೈ ಹಾಕಿ, ಬಣ್ಣ ಬೇಡ. ಮಾತ್ರೆ, ಚಾಕಲೇಟಿನ ಮೇಲಿನ ಹೊಳಪಿಗೂ ಶುದ್ಧ ಮಾಡಿದ ಅರಗನ್ನೇ ಬಳಸುತ್ತಾರೆ. ತಿನ್ನುವ ದರ್ಜೆಯ ಚಕ್ಕೆ ಸಿಕ್ಕರೆ ಅದನ್ನೇ ತಗೊಳ್ಳಿ. ಸ್ಪಿರಿಟ್ ಮಾತ್ರ ವಿಷ, ಅದು ಪೂರ್ತಿ ಆರಿಹೋಗಬೇಕು. ಒಂದು ವಾರ ಗಾಳಿಗೆ ಬಿಟ್ಟು, ಮೂಗಿಗೆ ಹಿಡಿದು ನೋಡಿ. ಚೂರು ವಾಸನೆ ಇದ್ದರೂ ಇನ್ನೆರಡು ದಿನ. ಮೆಲಮೈನ್ ಪಾಲಿಶ್ ಹತ್ತಿರವೂ ತರಬೇಡಿ, ಒಣಗುವಾಗ ಫಾರ್ಮಾಲ್ಡಿಹೈಡ್ ಅನ್ನೋ ವಿಷದ ಆವಿ ಬಿಡುತ್ತೆ. ಮತ್ತೆ ಫಿನಿಶ್‌ಗಿಂತ ಮೊದಲು ಗಿಲಕಿಯ ಒಳಗಿನ ಕಾಳು ಹೊರಗೆ ಬರದ ಹಾಗೆ ನೋಡಿಕೊಳ್ಳಿ. ಮಗುವಿನ ಕೈಗೆ ಕೊಡುವ ಮುಂಚೆ ಹತ್ತು ಸಲ ನೆಲಕ್ಕೆ ಎಸೆಯಿರಿ.

ಪ್ರಶ್ನೆ: ಉಳಿದ ಅರಗಿನ ಪಾಲಿಶ್ ಎಷ್ಟು ದಿನ ಇಡಬಹುದು?
(ಓದುಗರು, ಧಾರವಾಡ)

ಉತ್ತರ: ಆರು ತಿಂಗಳು ಅಂತ ಇಟ್ಟುಕೊಳ್ಳಿ. ಹಳೆಯದು ಒಣಗುವುದೇ ಇಲ್ಲ, ಬೆಲ್ಲದ ಪಾಕದ ಹಾಗೆ ಅಂಟುತ್ತೆ. ಅನುಮಾನ ಬಂದರೆ ಗಾಜಿನ ಮೇಲೆ ಒಂದು ಹನಿ ಬಿಟ್ಟು ಮರುದಿನ ಉಗುರಿನಿಂದ ಒತ್ತಿ. ಉಗುರಿನ ಗುರುತು ಮೆತ್ತಗೆ ಇಳಿದರೆ ಚೆಲ್ಲಿ. ಚಕ್ಕೆಯಾಗಿದ್ದಾಗ ತಂಪು ಜಾಗದಲ್ಲಿ ಎಷ್ಟೋ ಕಾಲ ಇರುತ್ತೆ, ಹಾಗಾಗಿ ಬೇಕಾದಷ್ಟೇ ನೆನೆಹಾಕಿ. ಬಾಟಲಿಯ ಮೇಲೆ ತಾರೀಕು ಬರೆದು ಅಂಟಿಸಿ. ನನ್ನ ಕಪಾಟಿನಲ್ಲಿ ಒಂದರ ಮೇಲೆ ‘ಯುಗಾದಿ’ ಅಂತಷ್ಟೇ ಇದೆ. ಯಾವ ವರ್ಷದ್ದೋ ನೆನಪಿಲ್ಲ.